ಕಣ್ಣು ಬೀಳದ ತಟ್ಟೆಗಳು

ನೆಂಟರು ಬರುವ ದಿನ ಮನೆ ಒಪ್ಪವಾಗಿರಬೇಕು ಎಂಬ ಹುಚ್ಚು ನನಗೆ ಅಮ್ಮನಿಂದ ಬಂದದ್ದು. ಆ ಭಾನುವಾರ ಬೆಳಿಗ್ಗೆ ಐದಕ್ಕೇ ಎದ್ದವಳು ಮೊದಲು ಮಾಡಿದ ಕೆಲಸ ಐದು ತಟ್ಟೆಗಳನ್ನು ಎತ್ತಿಟ್ಟದ್ದು. ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಒಂದು, ಕಿಟಕಿ ಕಟ್ಟೆಯ ಮೇಲೆ ಪರದೆಯ ಹಿಂದೆ ಒಂದು, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಒಂದು, ಬಟ್ಟೆ ಒಗೆಯುವ ಮೆಷಿನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು, ಮಂಚದ ಬುಡದಲ್ಲಿ ಒಂದು. ಅಂಗೈಯಗಲದ ಸ್ಟೀಲ್ ತಟ್ಟೆಗಳು. ಐದನ್ನೂ ತೊಳೆದು, ಒರೆಸಿ, ಕಪಾಟಿನಲ್ಲಿ ಹಿಂದಕ್ಕೆ ತಳ್ಳಿದೆ. ಅದೇ ನಾನು ಮಾಡಿದ ತಪ್ಪು. ಆ ಹೊತ್ತಿನಲ್ಲಿ ಅದು ಮರ್ಯಾದೆಯ ಹಾಗೆ ಕಂಡಿತ್ತು.

ಎರಡನೆಯ ಕೆಲಸ ಮೆಷಿನ್ನಿನ ಮುಂದೆ ಕೂತು ಮಾಡಿದ್ದು. ನಾನು ಆಲ್ಟ್ರೇಷನ್ ಕೆಲಸದವಳು. ಊರವರ ಬಟ್ಟೆಯನ್ನು ಬಿಗಿಗೆ ಹಿಡಿಯುವುದು, ಸಡಿಲಕ್ಕೆ ಬಿಡುವುದು, ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು. ಇಪ್ಪತ್ತೆರಡು ವರ್ಷದಿಂದ ಇದೇ. ಯಾರು ಸೊರಗಿದರು, ಯಾರು ಊದಿಕೊಂಡರು ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ತಂಗಿಯ ಮಗಳು ಚಿಟಿಕೆಯ ಹಳದಿ ಫ್ರಾಕನ್ನು ತಿರುವಿ ಹಾಕಿಕೊಂಡು, ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅರ್ಧ ಇಂಚು ಆಚೆಗೆ ಹೊಸ ಹೊಲಿಗೆ ಹಾಕಿದೆ. ಹಳೆಯ ಹೊಲಿಗೆ ಇದ್ದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿದವು. ಎಷ್ಟು ಇಸ್ತ್ರಿ ಮಾಡಿದರೂ ಅವು ಪೂರ್ತಿ ಮುಚ್ಚುವುದಿಲ್ಲ.

ಅದರ ಪಕ್ಕದಲ್ಲಿ ಇನ್ನೊಂದು ಸಾಲು ತೂತು ಮೊದಲೇ ಇತ್ತು. ಅದು ಪ್ರಾಮಾಣಿಕವಾದದ್ದು. ಹತ್ತು ತಿಂಗಳ ಹಿಂದೆ, ನನ್ನ ತಂಗಿ ಮೂರು ದಿನದ ಜ್ವರದಲ್ಲಿ ಹೋದ ಮೇಲೆ ಅವಳ ಮಗಳು ನನ್ನ ಮನೆಗೆ ಬಂದಾಗ, ಈ ಫ್ರಾಕು ಮಗುವಿನ ಮೈಮೇಲೆ ಮೊಳೆಗೆ ನೇತುಹಾಕಿದಂತಿತ್ತು. ಎರಡೂ ಕಡೆ ಹಿಡಿದು ಹೊಲಿದಿದ್ದೆ. ಆರು ತಿಂಗಳಾದ ಮೇಲೆ ಒಂದು ದಿನ ಅದು ಬಿಗಿಯಾಯಿತು. ಆ ಹೊಲಿಗೆ ಬಿಚ್ಚಿದ ದಿನ ಇವತ್ತಿಗೂ ನೆನಪಿದೆ. ಆದರೆ ಈಗ ಬಿಟ್ಟ ಅರ್ಧ ಇಂಚು ಸುಳ್ಳು. ಮಗು ಅಷ್ಟು ತುಂಬಿಕೊಂಡಿರಲಿಲ್ಲ. ಸೊಂಟದಲ್ಲಿ ಜೋತುಬಿದ್ದ ಫ್ರಾಕಿನ ಮೇಲೆ ಅದೇ ಹಳದಿ ಬಣ್ಣದ ಒಂದು ಪಟ್ಟಿ ಹೊಲಿದು, ಹಿಂದೆ ದೊಡ್ಡ ಗಂಟು ಹಾಕಿ ಬಿಗಿದೆ. ಚಂದ ಕಾಣುತ್ತಿತ್ತು.

"ದೊಡ್ಡಮ್ಮ, ಇದು ಹುಟ್ಟುಹಬ್ಬಕ್ಕಾ?" ಅಂತ ಕೇಳಿದಳು.

"ಅಲ್ಲ ಚಿಟಿಕೆ. ನಿಮ್ಮತ್ತೆ ಬರ್ತಾರೆ."

ಅವಳು ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿ ನೋಡಿದಳು. ಕಟ್ಟೆ ಖಾಲಿ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಪರದೆಯನ್ನು ಹೇಗಿತ್ತೋ ಹಾಗೇ ಎಳೆದು ಬಂದಳು.

ಬರುವವರು ಮಗುವನ್ನು ನೋಡಿಕೊಂಡು ಹೋಗುವವರಲ್ಲ, ಕರೆದುಕೊಂಡು ಹೋಗುವವರು. ಅವಳಪ್ಪ ಲಿಫ್ಟ್ ಮೆಕ್ಯಾನಿಕ್ಕು; ಹದಿನೈದು ದಿನ ಒಂದೂರು, ಹದಿನೈದು ದಿನ ಇನ್ನೊಂದೂರು. ಅವನ ಅಕ್ಕ, ಅಂದರೆ ಚಿಟಿಕೆಯ ಅತ್ತೆ, ಒಂದು ಕಾರ್ಖಾನೆಯ ಒಳಗೆ ಕ್ಯಾಂಟೀನ್ ನಡೆಸುತ್ತಾರೆ. ದಿನಕ್ಕೆ ಮುನ್ನೂರು ಜನ ಅವರ ಕೈ ಊಟ ಉಣ್ಣುತ್ತಾರೆ. ತಂಗಿ ತೀರಿಕೊಂಡಾಗ ಅವರಿಗೆ ಮಂಡಿ ಆಪರೇಷನ್ ಆಗಬೇಕಿತ್ತು, ಅದಕ್ಕೇ ಮಗು ನನ್ನ ಪಾಲಿಗೆ ಬಂದಿತ್ತು. ಈಗ ಮಂಡಿ ಸರಿಯಾಗಿದೆ. ಶಾಲೆ ತೆರೆಯಲು ಎಂಟು ದಿನ ಉಳಿದಿದೆ. "ಕೂತು ಮಾತಾಡೋಣ" ಎಂದು ಫೋನಿನಲ್ಲಿ ಹೇಳಿದ್ದರು. ಕೂತು ಮಾತಾಡುವುದೆಂದರೆ ಏನು ಎಂದು ಮದುವೆಯಾಗದೆ ನಲವತ್ತನಾಲ್ಕು ವರ್ಷ ಕಳೆದ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂಟಿ ಹೆಂಗಸಿನ ಒಂದೂವರೆ ಕೋಣೆ ಮನೆ, ಸೊರಗಿದ ಮಗು. ಮಾತು ಶುರುವಾಗುವ ಮೊದಲೇ ಅರ್ಧ ಮುಗಿದಿತ್ತು.

ನನ್ನ ಕೈಯಲ್ಲಿದ್ದದ್ದು ಎರಡೇ. ಒಂದು, ಮನೆಗೆ ಬಂದವರಿಗೆ ಬಾಯಿ ಕಟ್ಟುವಂಥ ಉಪಚಾರ. ಇನ್ನೊಂದು, ಆ ಫ್ರಾಕು.

ಹನ್ನೊಂದಕ್ಕೆ ಅವರ ವ್ಯಾನು ಬಂತು. ಅತ್ತೆ, ಅವರ ಸೊಸೆ, ಸೊಸೆಯ ಇಬ್ಬರು ಗಂಡುಮಕ್ಕಳು, ಮಗುವಿನ ಅಪ್ಪ, ಇವರೆಲ್ಲರಿಗೂ ಹಿರಿಯರಾದ ಒಬ್ಬ ಚಿಕ್ಕಪ್ಪ. ಚಿಕ್ಕಪ್ಪ ನಿವೃತ್ತ ಹೆಡ್‌ಮಾಸ್ಟರು. ಪೀಠಿಕೆ ಇಲ್ಲದೆ ನೀರು ಕೂಡ ಕೇಳುವವರಲ್ಲ. ಸೊಸೆಯ ಕೈಯಲ್ಲಿ ಚಕ್ರವಿದ್ದ ಒಂದು ಗುಲಾಬಿ ಬ್ಯಾಗಿತ್ತು. ಖಾಲಿ ಬ್ಯಾಗು, ಎತ್ತಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅತ್ತೆ ಬಾಗಿಲಲ್ಲೇ ಚಿಟಿಕೆಯನ್ನು ಎತ್ತಿಕೊಂಡರು. ಕಣ್ಣು ತುಂಬಿತು ಅವರಿಗೆ, ಅದರಲ್ಲಿ ನಾಟಕವಿರಲಿಲ್ಲ. "ಅಯ್ಯೋ ನನ್ನ ಬಂಗಾರ, ಒಗ್ಗರಣೆ ಸೌಟಿನಷ್ಟೂ ಭಾರ ಇಲ್ವಲ್ಲೇ!" ಎಂದರು. ನನ್ನ ಕಡೆ ತಿರುಗಿ, "ಏನೂ ಅಂದ್ಕೋಬೇಡಮ್ಮ, ನಾನು ಬಾಯಿಗೆ ಬಂದದ್ದು ಅಂದುಬಿಡೋಳು. ಮಗೂಗೆ ಹೊಟ್ಟೆಗೇನು ಹಾಕ್ತೀಯ, ದಾರದುಂಡೆನಾ?"

"ಬನ್ನಿ ಅಕ್ಕ, ಒಳಗೆ ಬನ್ನಿ. ಮೊದಲು ಕೂತ್ಕೊಳ್ಳಿ," ಎಂದೆ.

ಒಂದು ಗಂಟೆಗೆ ಊಟ ಎಂದು ನಾನು ಅಂದುಕೊಂಡಿದ್ದೆ. ಅನ್ನ, ಎರಡು ಬಗೆ ತರಕಾರಿ, ಕೋಳಿ, ಬೇಯಿಸಿದ ಮೊಟ್ಟೆ, ಮೊಸರು, ಹಣ್ಣು ಎಲ್ಲ ಒಲೆಯ ಪಕ್ಕ ಮುಚ್ಚಿಟ್ಟಿತ್ತು. ಹೆಡ್‌ಮಾಸ್ಟರು ಕತ್ತರಿಸುವ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು, ಕಾಲನ್ನು ಮೇಜಿನ ಕೆಳಗೆ ಚಾಚಿ, "ಮೊದಲು ವಿಷಯ, ಆಮೇಲೆ ಊಟ," ಎಂದರು. "ಉಂಡ ಮೇಲೆ ನ್ಯಾಯ ಹೇಳಿದರೆ ಅದು ನಿದ್ದೆಗಣ್ಣಿನ ನ್ಯಾಯ. ಏನಂತೀಯಮ್ಮ?"

ಮನೆ ನನ್ನದು, ಹಿರಿಯರು ಅವರು. "ನೀವು ಹೇಳಿದ ಹಾಗೆ," ಎಂದೆ.

ಮಾತು ಶುರುವಾಯಿತು. ಹೆಡ್‌ಮಾಸ್ಟರು ಮಗುವಿನ ಮುತ್ತಜ್ಜನಿಂದ ಹಿಡಿದರು. ನಾನು ಕಾಫಿ ಕೊಟ್ಟೆ, ಬಿಸ್ಕತ್ತು ಕೊಟ್ಟೆ, ಮತ್ತೆ ಕಾಫಿ ಕೊಟ್ಟೆ. ಬಿಸ್ಕತ್ತಿನ ತಟ್ಟೆ ಚಿಟಿಕೆಯ ಮುಂದೆ ಬಂದಾಗಲೆಲ್ಲ ಆರು ಜನರ ಕಣ್ಣು ಅವಳ ಕೈ ಮೇಲೆ ನೆಟ್ಟವು. ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಈ ಮಗು ಯಾರಾದರೂ ನೋಡುತ್ತಿದ್ದರೆ ತಿನ್ನುವುದಿಲ್ಲ. ನನಗದು ತಿಳಿಯಲು ಒಂದೂವರೆ ತಿಂಗಳು ಬೇಕಾಯಿತು. ಬಂದ ಹೊಸದರಲ್ಲಿ ನಾನೂ ಎಲ್ಲರ ಹಾಗೆ ತಟ್ಟೆ ಹಿಡಿದು ಅವಳ ಹಿಂದೆ ಓಡಾಡಿದೆ, ಚಂದ್ರನನ್ನು ತೋರಿಸಿದೆ, ಗದರಿದೆ, ಕಣ್ಣೀರು ಹಾಕಿದೆ. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಒಂದು ಮಧ್ಯಾಹ್ನ ನಾನು ಅರ್ಧ ತಿಂದ ಬ್ರೆಡ್ಡನ್ನು ಮೆಷಿನ್ನಿನ ಪಕ್ಕ ಇಟ್ಟು, ಯಾರಿಗೋ ಬ್ಲೌಸು ಕೊಡಲು ಬಾಗಿಲಿಗೆ ಹೋಗಿ ಬಂದೆ. ಬ್ರೆಡ್ಡಿರಲಿಲ್ಲ. ಇಲಿ ಅಂದುಕೊಂಡೆ. ಆಮೇಲೆ ಮೇಜಿನ ಕೆಳಗಿದ್ದ ಇಲಿಯ ಗಲ್ಲದ ಮೇಲೆ ಬ್ರೆಡ್ಡಿನ ಪುಡಿ ಕಂಡಿತು. ನಾನು ಕೇಳಲಿಲ್ಲ. ಮಾರನೆಯ ದಿನ ಅಲ್ಲೇ ಇನ್ನೊಂದು ಚೂರು ಇಟ್ಟು ಅವಳಿಗೆ ಬೆನ್ನು ಮಾಡಿ ಕೂತೆ. ಹಾಗೆ ಒಂದು ತಟ್ಟೆ ಎರಡಾಯಿತು, ಎರಡು ಐದಾಯಿತು. ಬಡಿಸುವುದು, ನೋಡದಿರುವುದು, ಖಾಲಿಯಾದದ್ದನ್ನು ಕಂಡೂ ಕಾಣದ ಹಾಗೆ ತೊಳೆದು ಮತ್ತೆ ತುಂಬಿಡುವುದು. ಶಭಾಷ್ ಅನ್ನಬಾರದು. ಜಗತ್ತಿನಲ್ಲಿ ಇದಕ್ಕಿಂತ ಕಷ್ಟದ ಉಪಚಾರ ನಾನು ಮಾಡಿಲ್ಲ.

ಇದನ್ನು ಇವರಿಗೆ ಹೇಗೆ ಹೇಳುವುದು? ನೆಲದ ಮೇಲೆ, ಸಂದಿಯಲ್ಲಿ, ಮೂಲೆಯಲ್ಲಿ ಮಗುವಿಗೆ ಅನ್ನ ಇಡುತ್ತೇನೆ ಎಂದರೆ ಮುನ್ನೂರು ಜನಕ್ಕೆ ಎಲೆ ತುಂಬ ಬಡಿಸುವ ಹೆಂಗಸಿಗೆ ಹೇಗೆ ಕೇಳಿಸುತ್ತದೆ? ಅದಕ್ಕೇ ತಟ್ಟೆಗಳನ್ನು ಎತ್ತಿಟ್ಟಿದ್ದೆ. ಒಂದು ಹೊತ್ತು ತಾನೆ, ಸಂಜೆಗೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆ ಸಂಜೆಗೆ ಅವಳು ನನ್ನ ಮನೆಯಲ್ಲಿ ಇರುವುದೇ ಇಲ್ಲವೇನೋ ಎಂಬುದು ಹನ್ನೆರಡೂವರೆಗೆ ಹೊಳೆಯಿತು. ಹೆಡ್‌ಮಾಸ್ಟರು ಇನ್ನೂ ಮುತ್ತಜ್ಜನ ಎರಡನೆಯ ಮದುವೆಯಲ್ಲಿದ್ದರು.

ಚಿಟಿಕೆ ಅಷ್ಟರಲ್ಲಿ ಐದೂ ಜಾಗಗಳನ್ನು ಎರಡು ಸಲ ಸುತ್ತಿ ಬಂದಿದ್ದಳು. ಯಾರಿಗೂ ಗೊತ್ತಾಗಲಿಲ್ಲ, ನನಗೆ ಬಿಟ್ಟು. ಮಂಚದ ಬುಡದಲ್ಲಿ ಬಗ್ಗಿ ನೋಡಿದಳು. ಸಂದಿಗೆ ಕೈ ಹಾಕಿ ತಡಕಿದಳು. ಬಂದು ನನ್ನ ಸೆರಗಿನ ತುದಿ ಹಿಡಿದು ನಿಂತಳು. ಮುಖ ಎತ್ತಿ ನೋಡಲಿಲ್ಲ. ಹಸಿವು ಅನ್ನುವ ಮಾತೇ ಅವಳ ಬಾಯಲ್ಲಿ ಬರುವುದಿಲ್ಲ.

ನಾನು ಅಡುಗೆಮನೆಗೆ ಹೋಗಿ ಒಂದು ತಟ್ಟೆ ತೆಗೆದು ಆಲೂಗಡ್ಡೆ ಹಾಕಿ, ಯಾರೂ ನೋಡದಾಗ ಪರದೆಯ ಹಿಂದೆ ಇಟ್ಟು ಬಂದೆ. ಎರಡು ನಿಮಿಷ ಆಗಿತ್ತೋ ಇಲ್ಲವೋ, ಸೆಖೆ ಎಂದು ಸೊಸೆ ಪರದೆ ಸರಿಸಿದಳು. "ಅಯ್ಯೋ ಅಕ್ಕ, ಇಲ್ಲೊಂದು ತಟ್ಟೆ ಮರೆತಿದೀರ. ಇರುವೆ ಬರುತ್ತೆ." ಒಳ್ಳೆಯ ಹುಡುಗಿ. ಹೋದ ಮನೆಯಲ್ಲಿ ಕೈಕಟ್ಟಿ ಕೂರಬಾರದು ಎಂದು ಬೆಳೆದವಳು. ತಟ್ಟೆ ಎತ್ತಿಕೊಂಡು ಹೋಗಿ ಆಲೂಗಡ್ಡೆಯನ್ನು ಪಾತ್ರೆಗೆ ಸುರಿದು, ತಟ್ಟೆಯನ್ನು ತೊಳೆದೂಬಿಟ್ಟಳು.

ಎರಡನೆಯದನ್ನು ಮೇಜಿನ ಕೆಳಗೆ ಇಡಲು ಹೋದೆ. ಅಲ್ಲಿ ಹೆಡ್‌ಮಾಸ್ಟರ ಕಾಲುಗಳು. ಬಿದ್ದ ಗುಂಡುಸೂಜಿ ಹುಡುಕುವವಳ ಹಾಗೆ ಬಗ್ಗಿ ಎದ್ದೆ. "ಏನಮ್ಮ, ಈಗಲೇ ಕಾಲಿಗೆ ಬೀಳ್ತೀಯ? ತೀರ್ಪು ಇನ್ನೂ ಹೇಳಿಲ್ಲವಲ್ಲ!" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರನೆಯದರಲ್ಲಿ ಮೊಟ್ಟೆ ಸುಲಿದು, ನಾಲ್ಕು ಹೋಳು ಮಾಡಿ, ಒಗೆಯುವ ಮೆಷಿನ್ನಿನ ಸಂದಿಗೆ ತಳ್ಳಿದೆ. ಚಿಟಿಕೆ ಕಣ್ಣಂಚಿನಲ್ಲಿ ಅದನ್ನು ಕಂಡಳು. ಮೆಲ್ಲಗೆ ಆ ಕಡೆ ಜಾರುತ್ತಿದ್ದಳು. ಅಷ್ಟರಲ್ಲಿ ಅತ್ತೆ ಕೈ ತೊಳೆಯಲು ಎದ್ದರು.

"ಇದೇನೇ ಇದು? ಬೆಕ್ಕು ಸಾಕಿದೀಯಾ?"

ನಿಜ ಹೇಳಲು ಅದೊಂದೇ ಸಮಯವಿತ್ತು. "ಹೂಂ ಅಕ್ಕ," ಎಂದೆ. "ಒಂದು ಬೆಕ್ಕು ಬರುತ್ತೆ."

"ಬೆಕ್ಕಿಗೆ ಮೊಟ್ಟೆ ಸುಲಿದು, ಹೋಳು ಮಾಡಿ ಇಡ್ತೀಯ! ಪುಣ್ಯ ಮಾಡಿದ ಬೆಕ್ಕು ಕಣೇ." ತಟ್ಟೆಯನ್ನು ಕಾಲಿನಿಂದ ತಳ್ಳದೆ, ಅನ್ನದ ಮೇಲಿನ ಗೌರವದಿಂದ ಕೈಯಲ್ಲೇ ಎತ್ತಿ ಕಿಟಕಿಯ ಹೊರಗಿನ ಸಜ್ಜೆಯ ಮೇಲೆ ಇಟ್ಟರು. ಚಿಟಿಕೆ ಅಲ್ಲೇ ನಿಂತು ಅವರ ಕೈಯನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೆಕ್ಕಿಗೆ ಎಂದದ್ದು ಅವಳಿಗೆ ಕೇಳಿಸಿತ್ತು.

ಆ ನೋಟದ ಬಗ್ಗೆ ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಒಂದೂವರೆಗೆ ಅತ್ತೆಗೇ ತಾಳ್ಮೆ ತಪ್ಪಿತು. "ಚಿಕ್ಕಪ್ಪ, ನಿಮ್ಮ ಮುತ್ತಜ್ಜ ಇನ್ನೊಂದು ಗಂಟೆ ಸಾಯೋ ಹಾಗೆ ಕಾಣಲ್ಲ. ನಮ್ಮಲ್ಲಿ ಮೊದಲು ಮಕ್ಕಳ ಪಂಕ್ತಿ. ಹಸಿದ ಮಕ್ಕಳನ್ನ ಮುಂದೆ ಕೂರಿಸಿಕೊಂಡು ಯಾವ ನ್ಯಾಯನೂ ಬೇಡ." ನನ್ನ ಅಡುಗೆಮನೆಗೆ ನುಗ್ಗಿ, ಸೌಟು ಹಿಡಿದು, ಮೂರು ತಟ್ಟೆ ಹಾಕಿದರು. ಆ ಮಾತಿಗೆ ಅವರ ಮೇಲೆ ಪ್ರೀತಿ ಉಕ್ಕಿತು, ಆ ಗಳಿಗೆಯಲ್ಲೂ.

ಸೊಸೆಯ ಮಕ್ಕಳಿಬ್ಬರೂ ಗಬಗಬ ತಿಂದರು. ಚಿಟಿಕೆಯ ತಟ್ಟೆಯ ಸುತ್ತ ದೊಡ್ಡವರೆಲ್ಲ ಕುರ್ಚಿ ಎಳೆದುಕೊಂಡು ಕೂತರು. ಅಪ್ಪ ಮಂಡಿಯೂರಿದ. "ತಿನ್ನು ಪುಟ್ಟಿ, ನೋಡು ಅಣ್ಣಂದಿರು ಹೇಗೆ ತಿಂತಾ ಇದಾರೆ."

"ಒಂದೇ ತುತ್ತು," ಎಂದಳು ಸೊಸೆ.

"ಅನ್ನಕ್ಕೆ ಬೆನ್ನು ಹಾಕಬಾರದು ಮಗು," ಎಂದರು ಹೆಡ್‌ಮಾಸ್ಟರು.

ಅವಳು ತಟ್ಟೆಯನ್ನೇ ನೋಡುತ್ತ ಕೂತಳು. ತುಟಿ ಬಿಗಿಯಾಗಿತ್ತು. ಬೆಳಿಗ್ಗೆಯಿಂದ ಒಂದು ಲೋಟ ಹಾಲು ಬಿಟ್ಟರೆ ಏನೂ ಇಲ್ಲ; ಆ ಹಾಲನ್ನೂ ಅವಳು ಬಾಗಿಲ ಹಿಂದೆ ಕುಡಿದಿದ್ದಳು.

"ನೋಡಿದ್ರಾ?" ಅತ್ತೆ ಎಲ್ಲರ ಕಡೆ ತಿರುಗಿದರು. "ನಾನು ಬೈತಿಲ್ಲ. ಪಾಪ, ಇವಳು ಮಾಡೋ ಅಷ್ಟು ಮಾಡಿದಾಳೆ. ಆದರೆ ಹೆತ್ತು ಬೆಳೆಸಿ ಗೊತ್ತಿಲ್ಲದ ಕೈ. ಮಗೂಗೆ ಉಣ್ಣೋದೇ ಮರೆತುಹೋಗಿದೆ. ನಮ್ಮ ಮನೆಗೆ ಬಂದರೆ ಒಂದು ತಿಂಗಳಲ್ಲಿ ಗುಂಡುಗುಂಡಾಗಿ ಮಾಡ್ತೀನಿ. ಏನಪ್ಪ, ನೀನೇನಂತೀಯ?"

ಅಪ್ಪ ತಲೆ ಬಗ್ಗಿಸಿದ. "ನೀನು ಹೇಗೆ ಹೇಳ್ತೀಯೋ ಹಾಗೆ ಅಕ್ಕ."

"ಇವತ್ತೇ ಹೊರಡೋದು ವಾಸಿ," ಎಂದರು ಹೆಡ್‌ಮಾಸ್ಟರು. ಮುತ್ತಜ್ಜ ಸತ್ತದ್ದು ಯಾರಿಗೂ ತಿಳಿಯಲೇ ಇಲ್ಲ. ಸೊಸೆ ಗುಲಾಬಿ ಬ್ಯಾಗಿನ ಜಿಪ್ಪು ತೆರೆದಳು. ಅದು ಅರ್ಧದಲ್ಲಿ ಸಿಕ್ಕಿಕೊಂಡಿತು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಹೋಯಿತು, ಸರಿಮಾಡಿ ಕೊಟ್ಟುಬಿಟ್ಟೆ. ನನ್ನ ಮಗುವನ್ನು ಕರೆದೊಯ್ಯುವ ಬ್ಯಾಗಿನ ಜಿಪ್ಪು.

ಆಗ ಅತ್ತೆ ಚಿಟಿಕೆಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಅನ್ನ ಕಲಸಿ, ದುಂಡಗೆ ತುತ್ತು ಮಾಡಿ, ಒಂದು ಕೈಯಿಂದ ಅವಳ ಗಲ್ಲ ಹಿಡಿದು, ಬಹಳ ಮೃದುವಾದ ದನಿಯಲ್ಲಿ, "ನನ್ನ ಬಂಗಾರ, ಈ ತಟ್ಟೆ ಖಾಲಿ ಮಾಡು, ಆಮೇಲೆ..." ಎಂದರು.

ಚಿಟಿಕೆ ಇಡೀ ಮೈಯನ್ನು ಕಟ್ಟಿಗೆಯ ಹಾಗೆ ಸೆಟೆಸಿದಳು. ಓಕರಿಕೆ ಬಂತು. ಹೊಟ್ಟೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಬರೀ ಎಂಜಲು ನೀರು ಫ್ರಾಕಿನ ಮೇಲೆ ಬಿತ್ತು.

"ಬಿಡಿ ಅವಳನ್ನ!" ಎಂದೆ. ಅದು ನನ್ನ ದನಿ ಎಂದು ನನಗೇ ತಡವಾಗಿ ಗೊತ್ತಾಯಿತು. "ಬಿಡಿ ಅಕ್ಕ. ಆ ಮಾತು ಅವಳ ಮುಂದೆ ಇನ್ನೊಂದು ಸಲ ಹೇಳಬೇಡಿ."

"ಯಾವ ಮಾತು?"

"ಅವತ್ತು ಸಾವಿನ ಮನೇಲಿ ಹೇಳಿದ್ರಲ್ಲ, ಇದೇ ಮಾತು. ಇದೇ ಥರ ತೊಡೆ ಮೇಲೆ ಕೂರಿಸ್ಕೊಂಡಿದ್ರಿ. ಮನೆ ತುಂಬ ಜನ ನೋಡ್ತಾ ಇದ್ರು. 'ಈ ತಟ್ಟೆ ಖಾಲಿ ಮಾಡು, ಅಮ್ಮ ಬರ್ತಾಳೆ' ಅಂದ್ರಿ. ಅವಳು ಖಾಲಿ ಮಾಡಿದಳು ಅಕ್ಕ. ಒಂದು ಅಗುಳು ಬಿಡದೆ ತಿಂದು, ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿದಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಕೂತಳು. ರಾತ್ರಿ ತನಕ ಕೂತಿದ್ದಳು. ನಿಮಗೆ ನೆನಪಿಲ್ಲ. ಅವಳಿಗಿದೆ."

ದೊಡ್ಡ ಹುಡುಗ ಮೂಳೆ ಕಡಿಯುವುದನ್ನು ನಿಲ್ಲಿಸಿದ.

ಮನೆಗೆ ಬಂದವರಿಗೆ, ಅದೂ ಊಟದ ನಡುವೆ, ನಾನು ಹೀಗೆ ಮಾತಾಡಿದ್ದೆ. ಅಮ್ಮ ಬದುಕಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ. ಆದರೆ ಬಾವಿಗೆ ಬಿದ್ದವಳಿಗೆ ಮಳೆಯೇನು? "ಎಲ್ಲರೂ ಸ್ವಲ್ಪ ಹೊರಗೆ ಹೋಗಿ," ಎಂದೆ.

"ಏನಂದೆ?" ಹೆಡ್‌ಮಾಸ್ಟರು ಕನ್ನಡಕ ತೆಗೆದರು.

"ಹೊರಗೆ. ಮೆಟ್ಟಿಲ ಹತ್ತಿರ. ಹುಡುಗರ ತಟ್ಟೆ ಬೇಕಾದರೆ ತಗೊಂಡು ಹೋಗಿ. ನಿಮ್ಮ ಕೈಕಾಲು ಹಿಡಿದು ಕೇಳ್ಕೋತೀನಿ, ಹತ್ತು ನಿಮಿಷ."

"ಉಣ್ಣೋ ಮಕ್ಕಳನ್ನ ಪಂಕ್ತಿಯಿಂದ ಎಬ್ಬಿಸೋದು! ನನ್ನ ಜನ್ಮದಲ್ಲೇ..." ಅವರು ಮುಗಿಸಲಿಲ್ಲ. ಅತ್ತೆ ಎದ್ದಿದ್ದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಮಂಡಿ ಹಿಡಿದುಕೊಂಡು ಬಾಗಿಲ ಕಡೆ ನಡೆದರು. ಉಳಿದವರೂ ಹಿಂದೆಯೇ ಹೋದರು. ಎದುರುಮನೆಯವರು ಬಾಗಿಲು ತೆರೆದು ಇಣುಕಿದ್ದು, ಸೊಸೆ "ಏನಿಲ್ಲ, ಒಳಗೆ ಸೆಖೆ" ಎಂದದ್ದು ನನಗೆ ಕೇಳಿಸಿತು.

ನಾನು ಐದೂ ತಟ್ಟೆ ತೆಗೆದೆ. ಅವಸರಕ್ಕೆ ಒಂದು ಕೆಳಗೆ ಬಿತ್ತು. ಸ್ಟೂಲು, ಕಟ್ಟೆ, ಮೇಜಿನ ಕೆಳಗೆ, ಸಂದಿ, ಮಂಚದ ಬುಡ. ಪ್ರತಿಯೊಂದರಲ್ಲಿ ಒಂದೊಂದು ಹಿಡಿ. ಆಮೇಲೆ ಮೆಷಿನ್ನಿನ ಮುಂದೆ, ಕೋಣೆಗೆ ಬೆನ್ನು ಮಾಡಿ ಕೂತು, ಸಿಕ್ಕಿದ ಒಂದು ಚಿಂದಿಯನ್ನು ಸೂಜಿಯ ಕೆಳಗೆ ಇಟ್ಟು ತುಳಿಯತೊಡಗಿದೆ. ಮೆಷಿನ್ನು ಸದ್ದು ಮಾಡುತ್ತಿದ್ದರೆ ನಾನು ನೋಡುತ್ತಿಲ್ಲ ಎಂದು ಅವಳಿಗೆ ಗೊತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಬೆಕ್ಕಿಗೆ ಎಂದಿದ್ದೆನಲ್ಲ. ಇನ್ನು ಯಾವತ್ತೂ ಮುಟ್ಟುವುದಿಲ್ಲವೇನೋ ಅನ್ನಿಸಿತು. ಚಿಂದಿಯ ಮೇಲೆ ಹೊಲಿಗೆಯ ಮೇಲೆ ಹೊಲಿಗೆ ಬಿತ್ತು. ದಾರ ಮುಗಿಯಿತು. ಬರೀ ಸೂಜಿ ಬಟ್ಟೆಯನ್ನು ಚುಚ್ಚುತ್ತ ಹೋಯಿತು. ಆಮೇಲೆ ಮೇಜಿನ ಕೆಳಗಿಂದ, ಸ್ಟೀಲಿನ ಮೇಲೆ ಉಗುರು ತಾಗಿದ ಸಣ್ಣ ಸದ್ದು ಬಂತು. ನಾನು ತಿರುಗಲಿಲ್ಲ. ಕಣ್ಣಿಂದ ನೀರು ಸುರಿದು ಮೂಗಿನ ತುದಿಯಲ್ಲಿ ನಿಂತಿತು. ಒರೆಸಿದರೆ ಮೆಷಿನ್ನು ನಿಲ್ಲುತ್ತದೆ ಎಂದು ಒರೆಸಲಿಲ್ಲ.

ಎದುರಿನ ಗೋಡೆಗೆ ಗಿರಾಕಿಗಳು ನೋಡಿಕೊಳ್ಳುವ ಉದ್ದ ಕನ್ನಡಿ ಇದೆ. ಅದರಲ್ಲಿ ಬಾಗಿಲು ಕಾಣುತ್ತದೆ. ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು. ಆ ಸಂದಿನಲ್ಲಿ ಅತ್ತೆಯ ಒಂದು ಕಣ್ಣು. ಅದು ಮೇಜಿನ ಕೆಳಗೆ ನೋಡುತ್ತಿತ್ತು. ನಾನು ಕನ್ನಡಿಯಲ್ಲೇ ಅವರನ್ನು ನೋಡಿ ತಲೆ ಅಲ್ಲಾಡಿಸಿದೆ. ನೋಡಬೇಡಿ. ದಮ್ಮಯ್ಯ, ನೋಡಬೇಡಿ. ಆ ಕಣ್ಣು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಾಗಿಲು ಮುಚ್ಚಿತು.

ಎಲ್ಲರೂ ಒಳಗೆ ಬಂದಾಗ ಎರಡೂವರೆ. ಮೇಜಿನ ಕೆಳಗಿನ ತಟ್ಟೆ, ಮಂಚದ ಬುಡದ್ದು, ಎರಡು ಖಾಲಿಯಾಗಿದ್ದವು. ಚಿಟಿಕೆ ಬಟ್ಟೆ ಚೂರುಗಳ ಬುಟ್ಟಿಯ ಪಕ್ಕ ಗುಂಡಿ ಪೋಣಿಸುತ್ತ ಕೂತಿದ್ದಳು. ನಾನು ಅವಳ ಹತ್ತಿರ ಕೂತು, ಫ್ರಾಕಿನ ಪಕ್ಕವನ್ನು ಮೆಲ್ಲಗೆ ಹಿಡಿದು ಅತ್ತೆಗೆ ತೋರಿಸಿದೆ. ಬೆಳಿಗ್ಗೆಯಿಂದ ಪಾಠ ಮಾಡಿಕೊಂಡಿದ್ದ ಮಾತು ಒಣಗಿದ ಬಾಯಿಂದ ಬಂತು. "ನೋಡಿ ಅಕ್ಕ, ಸೂಜಿ ತೂತು. ಇದು ಮೊದಲಿದ್ದ ಹೊಲಿಗೆ. ಇದು ಆಮೇಲಿನದು. ಎರಡು ಸಲ ಬಿಟ್ಟಿದೀನಿ. ಅವಳು ತಿಂತಾಳೆ. ನನ್ನ ರೀತಿಯಲ್ಲಿ ತಿಂತಾಳೆ. ಬೆಳೀತಾ ಇದಾಳೆ."

ಹೆಡ್‌ಮಾಸ್ಟರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಹೌದಲ್ಲ, ಎರಡು ಸಾಲು ಇದೆ," ಎಂದರು, ಉತ್ತರಪತ್ರಿಕೆ ತಿದ್ದುವವರ ಹಾಗೆ.

ಅತ್ತೆ ಕಷ್ಟಪಟ್ಟು ನೆಲಕ್ಕೆ ಕೂತರು. ತೂತುಗಳ ಮೇಲೆ ಬೆರಳಾಡಿಸಿದರು. ಆ ಬೆರಳು ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಸರಿದು, ಸೊಂಟದ ಪಟ್ಟಿಯ ಕೆಳಗೆ ನುಗ್ಗಿತು. ಎರಡು ಬೆರಳು. ಆಮೇಲೆ ಮೂರು. ಪಟ್ಟಿಯ ಕೆಳಗೆ ನೆರಿಗೆಯಾಗಿ ಮುದುರಿದ್ದ ಬಟ್ಟೆ ಅವರ ಬೆರಳಿಗೆ ಸಿಕ್ಕಿತು. ಮುನ್ನೂರು ಜನರ ಹೊಟ್ಟೆ ಕಂಡ ಹೆಂಗಸು. ಅನ್ನದ ಅಳತೆಯಲ್ಲಿ ಅವರನ್ನು ಯಾರು ಮೋಸ ಮಾಡಬಲ್ಲರು? ನನ್ನ ಕಿವಿ ಕಾದವು. ಈಗ ಎಲ್ಲರ ಮುಂದೆ ಗಂಟು ಬಿಚ್ಚುತ್ತಾರೆ ಅಂದುಕೊಂಡೆ.

ಅವರು ಬೆರಳು ಹೊರಗೆ ತೆಗೆದು, ಪಟ್ಟಿಯನ್ನು ಮೊದಲಿನ ಹಾಗೇ ಸರಿಮಾಡಿದರು.

"ಅವತ್ತು ನಾನು ಹಾಗಂದಿದ್ದು ನಿಜ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. "ತಿಂದಳಲ್ಲ ಅಂತ ಖುಷಿಪಟ್ಟಿದ್ದೆ." ಆಮೇಲೆ ತಮ್ಮನ ಕಡೆ ನೋಡದೆ, "ಬ್ಯಾಗು ಇಲ್ಲೇ ಇರಲಿ. ಎರಡು ತಿಂಗಳು ನೋಡೋಣ. ಈ ವರ್ಷದ ಶಾಲೆ ಇಲ್ಲೇ ಸೇರಿಸು. ಎರಡು ತಿಂಗಳಿಗೆ ನಾನೇ ಬರ್ತೀನಿ."

"ನ್ಯಾಯ ಅಂದಮೇಲೆ ಒಂದು ಕೊನೆ ಬೇಡವೇನಮ್ಮ?" ಎಂದರು ಹೆಡ್‌ಮಾಸ್ಟರು.

"ಕೊನೆ ಆಗಿದೆ ಚಿಕ್ಕಪ್ಪ. ನೀವು ಉಣ್ಣಿ, ಆರಿಹೋಗ್ತಿದೆ."

ಅವರು ಹೊರಡುವಾಗ ನಾನು ಕೆಳಗಿನ ತನಕ ಹೋದೆ. ಸೊಸೆ ಅಷ್ಟೂ ಪಾತ್ರೆ ತೊಳೆದಿಟ್ಟಿದ್ದಳು. ಆ ಐದು ತಟ್ಟೆಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ವ್ಯಾನಿನ ಬಾಗಿಲು ಹಿಡಿದು ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. ಅವರ ಮೈಯಿಂದ ಹೊಗೆ, ಈರುಳ್ಳಿ ವಾಸನೆ ಬರುತ್ತಿತ್ತು.

"ನಾನು ಬರೋ ದಿನ ಆ ಪಟ್ಟಿ ಕಟ್ಟಬೇಡ," ಎಂದರು. "ಬರೀ ಫ್ರಾಕು. ಸೊಂಟದಲ್ಲಿ ನನ್ನ ಎರಡು ಬೆರಳು ಹೋಗಬಾರದು. ಹೋದರೆ ಕರ್ಕೊಂಡು ಹೋಗ್ತೀನಿ. ಆಮೇಲೆ ನೀನು ಅತ್ತರೂ ಕೇಳಲ್ಲ, ಬೈದರೂ ಕೇಳಲ್ಲ."

"ಹೂಂ ಅಕ್ಕ."

"ಮತ್ತೆ ಆ ಬೆಕ್ಕಿಗೆ ಮೊಟ್ಟೆ ಹಾಕೋದು ಬಿಡಬೇಡ. ಹಳದಿ ಭಾಗ ಜಾಸ್ತಿ ಹಾಕು."

ಚಿಟಿಕೆ ಮೇಲೆ ಕಿಟಕಿಯಲ್ಲಿ ಪರದೆಯ ಪಕ್ಕ ನಿಂತಿದ್ದಳು. ಅತ್ತೆಗೆ ಅದು ಗೊತ್ತಿತ್ತು. ವ್ಯಾನಿನ ಗಾಜಿನಲ್ಲಿ ಹಳದಿ ಬಣ್ಣ ಕಾಣುತ್ತಿತ್ತು. ಆದರೂ ತಲೆ ಎತ್ತಿ ನೋಡದೆ, ಕೈ ಬೀಸದೆ, ಹತ್ತಿ ಕೂತು ಹೋದರು.

ನಾನು ಮೇಲೆ ಬಂದು ಸಜ್ಜೆಯ ಮೇಲಿನ ಮೊಟ್ಟೆ ನೋಡಿದೆ. ಇರುವೆ ಮುತ್ತಿತ್ತು. ಹೊಸದೊಂದನ್ನು ಸುಲಿದು, ಹೋಳು ಮಾಡಿ, ಸಂದಿಯಲ್ಲಿಟ್ಟೆ. ಫ್ರಾಕನ್ನು ಬಿಚ್ಚಿಸಿ ಅಳತೆ ಟೇಪು ತಂದೆ. ಅವಳ ಸೊಂಟ ಹದಿನೆಂಟೂಕಾಲು ಇಂಚು. ಫ್ರಾಕು ಇಪ್ಪತ್ತೂವರೆ. ಮೈಗೆ ಬಿಡುವ ಒಂದಿಂಚು ಸಡಿಲ ಕಳೆದರೂ ಒಂದೂಕಾಲು ಇಂಚು ಕಡಿಮೆ. ಹೋದ ಸಲ ಒಂದಿಂಚು ತುಂಬಲು ಅವಳಿಗೆ ಆರು ತಿಂಗಳು ಹಿಡಿದಿತ್ತು.

ಸೂಜಿಗೆ ದಾರ ಪೋಣಿಸದೆ, ಕೋಣೆಗೆ ಬೆನ್ನು ಮಾಡಿ ಕೂತು, ತುಳಿಯತೊಡಗಿದೆ.